ಕ್ಲೋವರ್ ಮತ್ತು ಅದರ ಬಳಗದ ಕುದುರೆ ಮಸಾಲೆ

ಶೀತದೇಶಗಳ ಮೇವಿನ ಸಸ್ಯಗಳಲ್ಲಿ ಕ್ಲೋವರ್ ಬಹು ಪ್ರಸಿದ್ಧವಾದುದು. ಒಂದೇ ತೊಟ್ಟಿಗೆ ಮೂರು ಎಲೆಗಳು, ಚೆಂಡಿನಂಥ ಹೂಗೊಂಚಲು, ಬೇರಿನಲ್ಲಿ ಸಣ್ಣ ಗಂಟುಗಳು, ಇವು ಇದರ ಮುಖ್ಯ ಲಕ್ಷಣಗಳು. ನಮ್ಮ ಮೆಂತ್ಯವೂ ಇದೇ ಬಳಗಕ್ಕೆ ಸೇರಿದುದು.

ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಈ ಜೀವಿಗಳನ್ನು 1888ರಲ್ಲಿ ಬೈಯರಿಂಕ್ ಎಂಬ ಡಚ್ ವಿಜ್ಞಾನಿಯು ಬೇರ್ಪಡಿಸಿದನು. ಆದರೆ ಮೇವನ್ನು ಕೊಯ್ದು ಒಯ್ದಾಗ ಆ ಸಾರದ ಬಹುಭಾಗವು ಅದರೊಡನೆಯೇ ಹೋಗುವುದು. ಆದುದರಿಂದ ಕೊಟ್ಟಿಗೆ ಗೊಬ್ಬರವನ್ನು ಅದೇ ಹೊಲಕ್ಕೆ ಮರಳಿಸತಕ್ಕದ್ದು.

ಬಿಳಿ ಕ್ಲೋವರ್ ನೀಲಗಿರಿಯ ತಂಪಿನಲ್ಲಿಯೂ, ಬರ್ಸೀಮ್ ಎಂಬ ಈಜಿಪ್ಟಿನ ಕ್ಲೋವರ್ ಪಂಜಾಬಿನ ಚಳಿಗಾಲದಲ್ಲಿಯೂ ಚೆನ್ನಾಗಿ ಬೆಳೆಯುತ್ತವೆ. ಬೆಂಗಳೂರಿನ ಚಳಿಗಾಲವು ಅಷ್ಟು ದೀರ್ಘವಲ್ಲ. ಇಲ್ಲಿಗೆ ಒಗ್ಗುವುದು ಇವುಗಳ ಬಂಧುವಾದ ಕುದುರೆ ಮಸಾಲೆ. ಉಲ್ಲಾಳ, ಕೆಂಗೇರಿಗಳ ಕಡೆ ಬಡಾವಣೆಗಳು ಹಬ್ಬಿ ಹುಲ್ಲುಗಾವಲು ಕಿರಿದಾಗಿರುವುದರಿಂದ, ಹಸು ಸಾಕುವವರು ಕೆಲವು ಗುಂಟೆಗಳಲ್ಲಾದರೂ ಇದನ್ನು ಬೆಳೆಯುವುದು ಲೇಸು.

ನೀರು ಬಸಿದುಹೋಗುವ ಕೆಂಪು ಮಣ್ಣಿನ ಹೊಲವನ್ನೇ ಆರಿಸಬೇಕು. ಕೆರೆಯ ಕೆಳಗಿನ ಜೌಗು ಭೂಮಿ ಕೂಡದು. ಮಣ್ಣಿನಲ್ಲಿ ಹುಳಿ ಹೆಚ್ಚಿದ್ದರೆ ಪರೀಕ್ಷೆ ಮಾಡಿಸಿ ಸುಣ್ಣ ಬೆರೆಸಬೇಕು. ಎಕರೆಗೆ ಸುಮಾರು 8 ಕಿಲೋಗ್ರಾಂ ಬೀಜವನ್ನು, ಇದಕ್ಕೆಂದೇ ಸಿದ್ಧಪಡಿಸಿದ ರೈಜೋಬಿಯಂ ಜೀವಾಣುಗೊಬ್ಬರದೊಡನೆ ಬೆಲ್ಲದ ನೀರಿನಲ್ಲಿ ಕಲಸಿ ನೆರಳಿನಲ್ಲಿ ಆರಿಸಿ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ 25 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಬಿತ್ತಬೇಕು. ಸುಮಾರು 75 ದಿನಗಳಿಗೆ ಮೊದಲ ಕೊಯ್ಲು. ಅನಂತರ 25 ರಿಂದ 30 ದಿನಗಳಿಗೊಮ್ಮೆ. ಹಳದಿ ನೂಲಿನಂಥ ಕಸ್ಕುಟ ಬಳ್ಳಿಯು ಗಿಡಗಳಿಗೆ ಸುತ್ತಿಕೊಂಡರೆ ಆ ಭಾಗವನ್ನೇ ಕೊಯ್ದು ಸುಡತಕ್ಕದ್ದು.

ಕುದುರೆ ಮಸಾಲೆಯ ಒಣಪದಾರ್ಥದಲ್ಲಿ ನೂರಕ್ಕೆ ಸುಮಾರು 18 ರಿಂದ 20 ಭಾಗ ಸಸಾರಜನಕವಿರುವುದು. ಈ ಪುಷ್ಟಿಯೇ ಅಜಾಗರೂಕರಿಗೆ ಅಪಾಯವಾಗುವುದು. ಹಸಿದ ಹಸುವು ಎಳೆಯ ಸೊಪ್ಪನ್ನು ಒಮ್ಮೆಗೇ ತಿಂದರೆ ಹೊಟ್ಟೆಯಲ್ಲಿ ನೊರೆಯೆದ್ದು, ಗಾಳಿಯು ಹೊರಬಾರದೆ ಎಡಮಗ್ಗುಲು ಉಬ್ಬಿ, ಕೆಲವು ಗಂಟೆಗಳಲ್ಲಿಯೇ ಪ್ರಾಣಹಾನಿಯಾಗಬಹುದು. ಆದಕಾರಣ ಮೊದಲು ರಾಗಿಹುಲ್ಲನ್ನು ತಿನ್ನಿಸಿ, ಬಳಿಕ ಇಬ್ಬನಿಯಾರಿದ ಸೊಪ್ಪನ್ನು ಬಾಡಿಸಿ ಕೊಡಬೇಕು. ಹಸಿರು ಮೇವಿನಲ್ಲಿ ಇದು ಮೂರರಲ್ಲೊಂದು ಪಾಲನ್ನು ಮೀರಕೂಡದು. ಹೊಟ್ಟೆ ಉಬ್ಬರ ಕಂಡ ಕೂಡಲೇ ಹಸುವಿನ ಮುಂಗಾಲುಗಳನ್ನು ಎತ್ತರದಲ್ಲಿ ನಿಲ್ಲಿಸಿ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಗ್ರಾಮದ ಹಿರಿಯರೂ ಭೂಮಾಲೀಕರೂ ಬೀಜವನ್ನು ಹಂಚುವುದರ ಜೊತೆಗೆ ಈ ಎಚ್ಚರಿಕೆಯನ್ನೂ ದನಕಾಯುವವರಿಗೆ ಮನವರಿಕೆ ಮಾಡಿಕೊಡಬೇಕು.