ಘಾಟಿ ಇಳಿಯುವಾಗ ಬ್ರೇಕ್ ಕೈಕೊಡುವುದೇಕೆ?

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಅಷ್ಟರಲ್ಲಿ ಗಾಡಿ ಸುಮಾರು 500 ಮೀಟರ್ ಕೆಳಗಿಳಿದಿರುತ್ತದೆ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು ವೇಗ ಹೆಚ್ಚಿಸಿಕೊಳ್ಳದೆ ಅಷ್ಟು ಇಳಿಯಬೇಕಾದರೆ, ಸುಮಾರು 73 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಕರಗಲೇಬೇಕು. 23 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕಾಗುವ ಶಾಖ ಅದು. 25 ಟನ್ ತೂಕದ ಲಾರಿ ಶಿರಾಡಿಯಲ್ಲಿ ಅಷ್ಟೇ ಎತ್ತರ ಇಳಿದರೆ ಸುಮಾರು 390 ಲೀಟರ್! ಗಾಳಿಯ ತಡೆ, ಟೈರಿನ ಘರ್ಷಣೆ ಇದರಲ್ಲಿ ಸ್ವಲ್ಪ ಪಾಲು ನುಂಗುತ್ತವೆ. ಉಳಿದದ್ದನ್ನು ಎಂಜಿನ್ ಹೊರಬೇಕು, ಇಲ್ಲವೇ ಬ್ರೇಕ್ ಹೊರಬೇಕು.

ಪೆಡಲ್ ಮೇಲಿಂದ ಕಾಲು ತೆಗೆಯದೆ ಇಳಿದರೆ ಇಡೀ ಹೊರೆ ಬ್ರೇಕಿನ ಮೇಲೆ. ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗ್‌ನಲ್ಲಿರುವ ಅಂಟು ಸುಟ್ಟು ಹಿಡಿತ ಕುಗ್ಗುತ್ತದೆ. ಘಾಟಿಯಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದೇ. ಆ ವಾಸನೆ ಬಂದಮೇಲೂ 'ಇನ್ನೇನು ಕೆಳಗೆ ಬಂದೆವಲ್ಲ' ಎಂದು ಮುಂದುವರಿಯುವುದು ನನ್ನ ಮಟ್ಟಿಗೆ ಘಾಟಿಯ ಅತಿ ಅಪಾಯದ ಅಭ್ಯಾಸ.

ಇದಕ್ಕಿಂತ ಮೋಸದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಸದಾ ಹೀರಿಕೊಳ್ಳುತ್ತಿರುತ್ತದೆ. ಡಾಟ್-3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ದ್ರವಕ್ಕೆ ಅದೇ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಡಕ್ಕೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ಮೆತ್ತಗೆ ತಳ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದು ಮೆಕ್ಯಾನಿಕ್ ಹೇಳಿದರೆ ಅದನ್ನು ದುಡ್ಡು ಕೀಳುವ ಮಾತೆಂದು ತಳ್ಳಿಹಾಕಬೇಡಿ.

ಪರಿಹಾರ ಗೇರಿನಲ್ಲಿದೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಡ್ರೈವರ್‌ಗಳು ಹೇಳುವುದರಲ್ಲಿ ಭೌತಶಾಸ್ತ್ರವೇ ಇದೆ. ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಗಾಳಿ ಎಳೆದು ಒತ್ತುವ ಆ ಶ್ರಮದಲ್ಲಿ ಗಾಡಿಯ ಓಟ ತಗ್ಗುತ್ತದೆ, ಶಾಖ ರೇಡಿಯೇಟರ್, ಸೈಲೆನ್ಸರ್‌ಗಳ ಮೂಲಕ ಹೊರಹೋಗುತ್ತದೆ. ಗೇರ್ ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲೇ. ಆಮೇಲೆ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಬಿಟ್ಟ ಆ ಹೊತ್ತಿನಲ್ಲಿ ಡಿಸ್ಕ್ ಆರುತ್ತದೆ.

ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರು ಇನ್ನೂ ಇದ್ದಾರೆ. ಇಂಜೆಕ್ಷನ್ ಇರುವ ಈಗಿನ ಎಂಜಿನ್ ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಕೀಲಿ ತಿರುಗಿಸಿ ಎಂಜಿನನ್ನೇ ಆರಿಸುವುದಂತೂ ಪ್ರಾಣಕ್ಕೆ ಸಂಚಕಾರ: ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ನೆರವು ಬಿಡುತ್ತವೆ.

ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ತಡೆ ಕಡಿಮೆ. ವೇಗ ಇಳಿದಾಗ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಆ ತಡೆಯೂ ಇಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಇಳಿಯುವವರು ಎರಡೂ ಬ್ರೇಕ್ ಬಳಸಿ, ನಡುನಡುವೆ ಅಗಲ ಜಾಗ ನೋಡಿ ನಿಲ್ಲಲೇಬೇಕು.

ಕಾರಿನ ಪೆಡಲ್ ಮೆತ್ತಗಾದರೆ ಬೇಗಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಏನೂ ಸಾಗದಿದ್ದರೆ ಕಣಿವೆಯ ಕಡೆಗಲ್ಲ, ಗುಡ್ಡದ ಬದಿಗೆ ಉಜ್ಜಿ ನಿಲ್ಲಿಸಿ. ನಿಂತ ಮೇಲೆ ಚಕ್ರಕ್ಕೆ ಅಡೆಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಿರುಕು ಬಿಟ್ಟೀತು. ತಾನಾಗಿ ಆರಲು ಅರ್ಧ ಗಂಟೆಯಾದರೂ ಬಿಡಿ. ಆಮೇಲೂ ಪೆಡಲ್ ಗಟ್ಟಿಯಾಗದಿದ್ದರೆ ಟೋವಿಂಗ್ ಗಾಡಿಯನ್ನೇ ಕರೆಸಿ.