ಬ್ರೆಜಿಲ್ ಬಿತ್ತಿದ್ದು ಎಲ್ಲೆಲ್ಲೋ, ಬೆಳೆ ಬಂದದ್ದು ಯಾರ್ಯಾರಿಗೋ!

2025ರ ಅಕ್ಟೋಬರ್ 14, ಟೋಕಿಯೊ. ವಿರಾಮದ ಹೊತ್ತಿಗೆ ಬ್ರೆಜಿಲ್ 2, ಜಪಾನ್ 0. ಅದಕ್ಕೂ ಮುಂಚೆ ಈ ಎರಡು ತಂಡಗಳು 13 ಸಲ ಎದುರಾಗಿದ್ದವು. 11ರಲ್ಲಿ ಬ್ರೆಜಿಲ್ ಗೆದ್ದಿತ್ತು, 2 ಡ್ರಾ ಆಗಿದ್ದವು, ಜಪಾನಿಗೆ ಒಂದು ಗೆಲುವೂ ದಕ್ಕಿರಲಿಲ್ಲ. ಹದಿನಾಲ್ಕನೆಯದೂ ಅದೇ ದಾರಿ ಹಿಡಿದಿತ್ತು. ಆಮೇಲೆ ಏನಾಯಿತು ನೋಡಿ! 52ನೇ ನಿಮಿಷದಲ್ಲಿ ಮಿನಾಮಿನೊ ಹೊಡೆದರು. 62ನೇ ನಿಮಿಷಕ್ಕೆ ನಕಾಮುರಾ. 71ಕ್ಕೆ ಉಎಡಾ. ಇಪ್ಪತ್ತೇ ನಿಮಿಷ, ಮೂರು ಗೋಲು! ಐದು ಸಲ ವಿಶ್ವಕಪ್ ಎತ್ತಿದ ಬ್ರೆಜಿಲ್ ಜಪಾನಿಗೆ ಮೊಟ್ಟಮೊದಲ ಬಾರಿಗೆ ಸೋತಿತು.

ಜಪಾನಿಗೆ ಈ ಆಟ ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆಯ ಎಳೆ ಹಿಡಿದು ಹಿಂದಕ್ಕೆ ಹೋದರೆ ಬೆರಗು ಹುಟ್ಟಿಸುವ ಒಂದು ಹೆಸರು ಎದುರಾಗುತ್ತದೆ: ಜಿಕೊ!

ಹೌದು, ಅದೇ ಜಿಕೊ. 1982ರಲ್ಲಿ ಜಗತ್ತನ್ನೇ ಮರುಳುಮಾಡಿದ ಬ್ರೆಜಿಲ್ ತಂಡದ ಹತ್ತನೇ ನಂಬರ್ ಅಂಗಿ. ಆಟದಿಂದ ನಿವೃತ್ತರಾಗಿ, ಬ್ರೆಜಿಲ್ ಸರ್ಕಾರದಲ್ಲಿ ಕ್ರೀಡಾ ಕಾರ್ಯದರ್ಶಿಯೂ ಆಗಿ, 1991ರಲ್ಲಿ ಆತ ಹೋಗಿ ಸೇರಿದ್ದು ಎಲ್ಲಿಗೆ ಗೊತ್ತೇ? ಜಪಾನಿನ ಕಶಿಮಾ ಎಂಬ ಪುಟ್ಟ ಊರಿನ ಉಕ್ಕಿನ ಕಾರ್ಖಾನೆಯ ತಂಡಕ್ಕೆ. ಅದೂ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ತಂಡ! 1993ರಲ್ಲಿ ಜೆ-ಲೀಗ್ ಶುರುವಾಯಿತು. ಆ ತಂಡಕ್ಕೀಗ ಕಶಿಮಾ ಆಂಟ್ಲರ್ಸ್ ಎಂದು ಹೆಸರು. ಮೊದಲ ಪಂದ್ಯದಲ್ಲೇ ನಲವತ್ತರ ಜಿಕೊ ಹ್ಯಾಟ್ರಿಕ್ ಬಾರಿಸಿದರು. ಮುಂದೆ ಆ ಕ್ಲಬ್ ಜಪಾನಿನಲ್ಲೇ ಅತಿ ಹೆಚ್ಚು ಲೀಗ್ ಪ್ರಶಸ್ತಿ ಗೆದ್ದ ಕ್ಲಬ್ ಆಯಿತು, ಊರವರು ಜಿಕೊಗೆ ಪ್ರತಿಮೆ ಕಟ್ಟಿದರು. 2002ರಿಂದ 2006ರವರೆಗೆ ಜಪಾನ್ ರಾಷ್ಟ್ರೀಯ ತಂಡಕ್ಕೇ ಅವರು ಗುರು. 2006ರ ವಿಶ್ವಕಪ್‌ನಲ್ಲಿ ತನ್ನ ಶಿಷ್ಯರನ್ನು ಕರೆದುಕೊಂಡು ಬಂದು ತನ್ನ ದೇಶದ ಎದುರೇ ನಿಂತರು. ಆಗ ಬ್ರೆಜಿಲ್ 4-1ರಿಂದ ಗೆದ್ದಿತ್ತು. ಪಾಠ ಫಲ ಕೊಡಲು ಇನ್ನೂ ಎರಡು ದಶಕ ಬೇಕಿತ್ತು, ಅಷ್ಟೇ!

ಇದೇ ಜಿಕೊ ನಮ್ಮ ಕಾರವಾರದ ಪಕ್ಕದ ಗೋವಾಕ್ಕೂ ಬಂದರು. 2014ರಿಂದ ಎಫ್‌ಸಿ ಗೋವಾ ತಂಡದ ಕೋಚ್ ಆಗಿ, 2015ರಲ್ಲಿ ಅದನ್ನು ಐಎಸ್‌ಎಲ್ ಫೈನಲ್‌ಗೆ ಕೊಂಡೊಯ್ದರು. ಅದೇ 2015ರಲ್ಲಿ ಡೆಲ್ಲಿ ಡೈನಮೋಸ್ ತಂಡದ ಆಟಗಾರನೂ ಕೋಚೂ ಆಗಿದ್ದವರು ಇನ್ನೊಬ್ಬ ಬ್ರೆಜಿಲ್ ದಿಗ್ಗಜ, ರಾಬರ್ಟೊ ಕಾರ್ಲೊಸ್!

ಜಿಕೊ ಒಬ್ಬರದೇ ಕಥೆ ಎಂದುಕೊಂಡರೆ ಇನ್ನೂ ಹಿಂದಕ್ಕೆ ಹೋಗಿ, 1970ಕ್ಕೆ. ಆ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಪೆಲೆಯ ಬ್ರೆಜಿಲ್‌ಗೆ ಎದುರಾದದ್ದು ಪೆರು. ಆಟ ಅಂದರೆ ಆಟ! ಬ್ರೆಜಿಲ್ 4, ಪೆರು 2. ಪೆರುವಿನ ಬೆಂಚಿನಲ್ಲಿ ಕೂತಿದ್ದ ಕೋಚ್ ಯಾರು? ದಿದಿ! 1958ರ ವಿಶ್ವಕಪ್‌ನ ಅತ್ಯುತ್ತಮ ಆಟಗಾರ, ಹುಡುಗ ಪೆಲೆಯ ಜತೆ ಆಡಿ ಬ್ರೆಜಿಲ್‌ಗೆ ಮೊದಲ ಕಪ್ ತಂದ ಮಿಡ್‌ಫೀಲ್ಡರ್. ಅದಕ್ಕೂ ಒಂದು ವರ್ಷ ಮುಂಚೆ ಬ್ಯೂನಸ್ ಐರಿಸ್‌ನಲ್ಲೇ 2-2 ಡ್ರಾ ಮಾಡಿಕೊಂಡು ಅರ್ಜೆಂಟೀನಾವನ್ನು ವಿಶ್ವಕಪ್‌ನಿಂದ ಹೊರಗಿಟ್ಟದ್ದೂ ದಿದಿಯ ಇದೇ ಪೆರು.

ಬ್ರೆಜಿಲ್ ಅಂದರೆ ಊರಿಗೆಲ್ಲ ಬಿತ್ತನೆ ಬೀಜ ಹಂಚಿದ ಮನೆ. ಹಂಚಿದ್ದಕ್ಕೆ ಯಾರ ತಕರಾರೂ ಇಲ್ಲ. ಆದರೆ ಸ್ವಂತ ಹೊಲಕ್ಕೆ ಎಷ್ಟು ಉಳಿಯಿತು?

ಲೆಕ್ಕ ನೋಡಿ. 2002ರ ಜೂನ್ 30ರಂದು ಯೊಕೊಹಾಮಾದಲ್ಲಿ ರೊನಾಲ್ಡೊ ಎರಡು ಗೋಲು ಹೊಡೆದು ಜರ್ಮನಿಯನ್ನು ಮಣಿಸಿದರು, ಕಫು ಕಪ್ ಎತ್ತಿ ಹಿಡಿದರು. ಅದಾದ ಮೇಲಿನ ಐದು ವಿಶ್ವಕಪ್‌ಗಳಲ್ಲಿ ಬ್ರೆಜಿಲ್‌ಗೆ ಬಾಗಿಲು ತೋರಿಸಿದವರು ಫ್ರಾನ್ಸ್, ನೆದರ್‌ಲೆಂಡ್ಸ್, ಜರ್ಮನಿ, ಬೆಲ್ಜಿಯಂ, ಕ್ರೊಯೇಷಿಯಾ. ಐದಕ್ಕೆ ಐದೂ ಯುರೋಪಿನ ತಂಡಗಳು! 2014ರಲ್ಲಿ ತವರಿನ ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿಯ ಎದುರು ತಿಂದ 1-7 ಪೆಟ್ಟನ್ನು ಆ ದೇಶ ಇಂದಿಗೂ ಮರೆತಿಲ್ಲ. ನೆರೆಹೊರೆಯಲ್ಲೂ ಮೊದಲಿನ ಭಯ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ಮರಕಾನಾದಲ್ಲಿ ಅರ್ಜೆಂಟೀನಾ 1-0ರಿಂದ ಗೆದ್ದಾಗ, ವಿಶ್ವಕಪ್ ಅರ್ಹತಾ ಪಂದ್ಯವೊಂದರಲ್ಲಿ ಬ್ರೆಜಿಲ್ ಮನೆಯಂಗಳದಲ್ಲಿ ಸೋತದ್ದು ಇತಿಹಾಸದಲ್ಲೇ ಮೊದಲು. 2025ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ 1-4. ಸೆಪ್ಟೆಂಬರ್‌ನಲ್ಲಿ 4,000 ಮೀಟರ್‌ಗೂ ಎತ್ತರದ ಎಲ್ ಆಲ್ಟೊದಲ್ಲಿ ಬೊಲಿವಿಯಾದ ಎದುರು 0-1. ಹದಿನೆಂಟು ಅರ್ಹತಾ ಪಂದ್ಯಗಳಲ್ಲಿ ಆರು ಸೋಲು, ದಕ್ಷಿಣ ಅಮೆರಿಕದಲ್ಲಿ ಐದನೇ ಸ್ಥಾನ!

ಕಾರಣವೇನು? ಉತ್ತರ ಹೇಳಬಲ್ಲ ಒಬ್ಬ ವೈದ್ಯರಿದ್ದಾರೆ. ಮಾತಿಗೆ ಹೇಳಿದ್ದಲ್ಲ, ನಿಜವಾದ ವೈದ್ಯರೇ! ಅವರೇ ಟೊಸ್ಟಾವೊ. 1970ರ ತಂಡದಲ್ಲಿ ಪೆಲೆಯ ಪಕ್ಕದಲ್ಲಿ ಆಡಿದವರು. 1969ರಲ್ಲಿ ಚೆಂಡು ಬಡಿದು ಅವರ ಕಣ್ಣಿನ ಅಕ್ಷಿಪಟಲ ಕಳಚಿತು, ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದೇ ಕಣ್ಣಿಟ್ಟುಕೊಂಡು ಮರುವರ್ಷ ವಿಶ್ವಕಪ್ ಗೆದ್ದರು! 1973ರಲ್ಲಿ ಕಣ್ಣು ಮತ್ತೆ ಕಾಡಿ, 26ನೇ ವಯಸ್ಸಿಗೇ ಆಟ ಬಿಡಬೇಕಾಯಿತು. ವೈದ್ಯಕೀಯ ಓದಿದರು, ವೈದ್ಯರಾದರು, ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ವರ್ಷಗಟ್ಟಲೆ ಫುಟ್‌ಬಾಲ್‌ನತ್ತ ತಲೆಹಾಕಲಿಲ್ಲ. ಮರಳಿದ್ದು ಪತ್ರಿಕೆಯ ಅಂಕಣಕಾರರಾಗಿ.

ವರ್ಷಗಳಿಂದ ಅವರು ಬರೆಯುತ್ತ ಬಂದ ರೋಗನಿದಾನ ಒಂದೇ: ಮೈದಾನದ ನಡುಭಾಗ ಸೊರಗಿದೆ. ಹಿಂದೆ ಜೆರ್ಸನ್, ಫಲ್ಕಾವೊ, ಸೆರೆಜೊರಂಥವರು ಚೆಂಡು ಕಸಿಯಲೂ ಬಲ್ಲವರು, ಆಟ ಕಟ್ಟಲೂ ಬಲ್ಲವರು. ಬರಬರುತ್ತ ಬ್ರೆಜಿಲ್ ಈ ಕೆಲಸವನ್ನು ಎರಡು ತುಂಡು ಮಾಡಿತು. ಕಸಿಯಲು ಗಟ್ಟಿಮುಟ್ಟಾದ ಕಾವಲುಗಾರರು ಬೇರೆ, ನುಗ್ಗಲು ಮಿಂಚಿನ ಓಟಗಾರರು ಬೇರೆ. ನಡುವೆ ನಿಂತು ಯೋಚಿಸುವವರು ಯಾರು? ಬ್ಯೂನಸ್ ಐರಿಸ್‌ನ ಆ 1-4 ಪಂದ್ಯವನ್ನು ಈ ಮಾತು ನೆನಪಿಟ್ಟುಕೊಂಡು ಮತ್ತೊಮ್ಮೆ ನೋಡಿ. ಅರ್ಜೆಂಟೀನಾದ ಮಿಡ್‌ಫೀಲ್ಡರ್‌ಗಳು ಸಣ್ಣ ಸಣ್ಣ ಪಾಸ್‌ಗಳಲ್ಲಿ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡರೆ, ಬ್ರೆಜಿಲ್‌ನ ಓಟಗಾರರು ಅದು ಬರಲೆಂದು ಕಾದದ್ದೇ ಕಾದದ್ದು!

ಹಾಗಾದರೆ ನಡುಮೈದಾನದ ಹುಡುಗರು ಎಲ್ಲಿ ಹೋದರು? ಇಲ್ಲಿ ಪೆಲೆಯ ಪ್ರವೇಶ! ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜತೆಗೆ ಪ್ರತಿಮೆಯಾಗಿ ನಿಂತಿರುವ ಅದೇ ಪೆಲೆ, 1995ರಲ್ಲಿ ಬ್ರೆಜಿಲ್‌ನ ಕ್ರೀಡಾ ಸಚಿವರಾದರು. 1998ರಲ್ಲಿ ಅವರ ಹೆಸರಿನದೇ ಕಾಯ್ದೆ ಬಂತು, 'ಪೆಲೆ ಕಾಯ್ದೆ'. ಅಲ್ಲಿಯವರೆಗೆ ಒಪ್ಪಂದ ಮುಗಿದ ಮೇಲೂ ಆಟಗಾರ ಕ್ಲಬ್ಬಿನ ಸ್ವತ್ತೇ. ಕ್ಲಬ್ ಬಿಟ್ಟುಕೊಡದೆ ಬೇರೆಡೆ ಹೋಗುವಂತಿರಲಿಲ್ಲ. ಈ ಜೀತವನ್ನು ಪೆಲೆ ಮುರಿದರು. ಎಂಥ ನ್ಯಾಯವಾದ ಕೆಲಸ! ಆದರೆ ಅದೇ ಬಾಗಿಲಿನಿಂದ ಯುರೋಪಿನ ದುಡ್ಡೂ ಒಳಗೆ ಬಂತು. ಆಟಗಾರ ಪುಕ್ಕಟೆಯಾಗಿ ಕೈಬಿಟ್ಟು ಹೋಗುವ ಮೊದಲೇ ಮಾರಿಬಿಡೋಣ ಎಂಬ ಲೆಕ್ಕಾಚಾರಕ್ಕೆ ಸಾಲದಲ್ಲಿ ಮುಳುಗಿದ್ದ ಕ್ಲಬ್‌ಗಳು ಬಿದ್ದವು.

ಮೂರು ಅಂಕಿ ಸಾಕು, ಕಣ್ಣು ಅರಳಿಸಲು. 1970ರ ವಿಶ್ವಕಪ್ ತಂಡದಲ್ಲಿ 22 ಮಂದಿ, 22 ಮಂದಿಯೂ ಬ್ರೆಜಿಲ್‌ನ ಕ್ಲಬ್‌ಗಳಲ್ಲಿ ಆಡುತ್ತಿದ್ದವರು. 2002ರಲ್ಲಿ 23ರಲ್ಲಿ 13. 2022ರಲ್ಲಿ? 26ರಲ್ಲಿ ಬರೀ 3! ವಿನಿಸಿಯಸ್‌ನನ್ನು, ಎಂಡ್ರಿಕ್‌ನನ್ನು ರಿಯಲ್ ಮ್ಯಾಡ್ರಿಡ್ ಮಾತಾಡಿಕೊಂಡಾಗ ಇಬ್ಬರಿಗೂ ವಯಸ್ಸು ಹದಿನಾರು. ಹದಿನೆಂಟು ತುಂಬುತ್ತಲೇ ವಿಮಾನ ಹತ್ತಿದರು. ಓಡಿ ಗೋಲು ಹೊಡೆಯುವ ಹುಡುಗನಿಗೆ ಬೆಲೆ ಕೂಡಲೇ ಸಿಗುತ್ತದೆ. ನಿಧಾನವಾಗಿ ಮಾಗುವ ಮಿಡ್‌ಫೀಲ್ಡರ್‌ಗಾಗಿ ಕಾಯುವಷ್ಟು ಪುರಸೊತ್ತು ಯಾರಿಗಿದೆ?

ಇನ್ನು ಹಳೆಯ ತಾರೆಗಳೇ ಬಂದು ಮನೆ ಸರಿಮಾಡಬಾರದೇ? ಒಬ್ಬರು ಬಂದರು! 2024ರ ಡಿಸೆಂಬರ್‌ನಲ್ಲಿ ರೊನಾಲ್ಡೊ, ವಿಶ್ವಕಪ್‌ಗಳಲ್ಲಿ 15 ಗೋಲು ಹೊಡೆದ ರೊನಾಲ್ಡೊ, ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷಗಿರಿಗೆ ನಿಲ್ಲುತ್ತೇನೆಂದು ಘೋಷಿಸಿದರು. ಮತ ಇರುವುದು ಕ್ಲಬ್‌ಗಳಿಗೂ 27 ರಾಜ್ಯ ಸಂಸ್ಥೆಗಳಿಗೂ. ಆ 27ರಲ್ಲಿ 23 ಸಂಸ್ಥೆಗಳು ಏನು ಮಾಡಿದವು ಗೊತ್ತೇ? ರೊನಾಲ್ಡೊ ಜತೆ ಕೂತು ಮಾತಾಡಲೂ ಒಪ್ಪಲಿಲ್ಲ! 2025ರ ಮಾರ್ಚ್‌ನಲ್ಲಿ ಅವರು ಹಿಂದೆ ಸರಿದರು. ಮಾರ್ಚ್ 24ರಂದು ಹಾಲಿ ಅಧ್ಯಕ್ಷ ಎಡ್ನಾಲ್ಡೊ ರೊಡ್ರಿಗಸ್ ಅವಿರೋಧವಾಗಿ ಮರುಆಯ್ಕೆಯಾದರು. ಮರುದಿನ, ಮಾರ್ಚ್ 25ರಂದು, ಬ್ಯೂನಸ್ ಐರಿಸ್‌ನ ಆ 1-4! ಮೇ ತಿಂಗಳಲ್ಲಿ ನ್ಯಾಯಾಲಯ ರೊಡ್ರಿಗಸ್ ಅವರನ್ನೇ ಹುದ್ದೆಯಿಂದ ಇಳಿಸಿತು.

ಉಳಿದ ತಾರೆಗಳ ಸುದ್ದಿಯೂ ಕಡಿಮೆ ರೋಚಕವಲ್ಲ. ರೊಮಾರಿಯೊ ಈಗ ಸೆನೆಟರ್. ಜತೆಗೆ ರಿಯೊದ ಅಮೆರಿಕ ಕ್ಲಬ್ಬಿನ ಅಧ್ಯಕ್ಷ. ಮಗನ ಜತೆ ಆಡಬೇಕೆಂಬ ಆಸೆಯಿಂದ 2024ರಲ್ಲಿ, 58ನೇ ವಯಸ್ಸಿನಲ್ಲಿ, ಅದೇ ಕ್ಲಬ್ಬಿನಲ್ಲಿ ಆಟಗಾರನಾಗಿ ಹೆಸರು ನೋಂದಾಯಿಸಿದರು! ರೊನಾಲ್ಡಿನೊ ಅದೇ ವರ್ಷ, ಕೋಪಾ ಅಮೆರಿಕ ಶುರುವಾಗುವ ಹೊತ್ತಿಗೆ, ಈ ತಂಡದ ಒಂದು ಪಂದ್ಯವನ್ನೂ ನೋಡುವುದಿಲ್ಲ ಎಂದು ಗುಡುಗಿದರು. ದೇಶವೇ ದಂಗಾಯಿತು. ತಂಡದ ರಾಫಿನ್ಯಾ ಮಾತ್ರ, ಟಿಕೆಟ್ ಬೇಕೆಂದು ಅವರೇ ವಿನಿಸಿಯಸ್‌ನನ್ನು ಕೇಳಿದ್ದರಲ್ಲ ಎಂದು ಅಚ್ಚರಿಪಟ್ಟರು. ಕೊನೆಗೆ ತಿಳಿದದ್ದು, ಅದೊಂದು ಡಿಯೋಡರೆಂಟ್ ಜಾಹೀರಾತು!

ಹಾಗಾದರೆ ಬ್ರೆಜಿಲ್ ಕಥೆ ಮುಗಿಯಿತೇ? ಅವಸರ ಬೇಡ. ಇಲ್ಲೇ ಇನ್ನೊಂದು ಅಚ್ಚರಿ ಅಡಗಿದೆ. 2002ರ ವಿಶ್ವಕಪ್‌ಗೆ ಅರ್ಹತೆ ಪಡೆಯುವಾಗ ಬ್ರೆಜಿಲ್ ಸೋತ ಪಂದ್ಯಗಳೆಷ್ಟು? ಆರು. ಈ ಸಲವೂ ಆರು! 2001ರ ಕೋಪಾ ಅಮೆರಿಕದಲ್ಲಂತೂ ಹೊಂಡುರಾಸ್ ಎದುರೇ 0-2ರಿಂದ ಸೋತಿತ್ತು. ಮರುವರ್ಷ ಅದೇ ಬ್ರೆಜಿಲ್ ಕಪ್ ಎತ್ತಿತು. 1993ರಲ್ಲಿ ಲಾ ಪಾಜ್‌ನಲ್ಲಿ ಬೊಲಿವಿಯಾ, ಅರ್ಹತಾ ಪಂದ್ಯಗಳಲ್ಲಿ ಬ್ರೆಜಿಲ್‌ಗೆ ಮೊಟ್ಟಮೊದಲ ಸೋಲು ಉಣಿಸಿತ್ತು. ಕೊನೆಯ ಪಂದ್ಯಕ್ಕೆ ದೂರವಿಟ್ಟಿದ್ದ ರೊಮಾರಿಯೊನನ್ನೇ ಕರೆಸಬೇಕಾಯಿತು. ಆತ ಉರುಗ್ವೆಗೆ ಎರಡು ಗೋಲು ಬಾರಿಸಿದರು, ಮರುವರ್ಷ ಕಪ್ಪೂ ಬಂತು. ಪೆಟ್ಟು ತಿಂದೇ ಎದ್ದ ತಂಡ ಇದು.

ಈಗ ಈ ಹುಡುಕಾಟದ ಅತಿ ದೊಡ್ಡ ಬೆರಗು. ತಂಡವನ್ನು ಎತ್ತಿ ನಿಲ್ಲಿಸಲು 2025ರ ಮೇ ತಿಂಗಳಲ್ಲಿ ಬ್ರೆಜಿಲ್ ಕರೆತಂದದ್ದು ಇಟಲಿಯ ಕಾರ್ಲೊ ಆನ್ಸೆಲೊಟ್ಟಿಯನ್ನು. ಹೊರಗಿನವನಿಗೆ ನಮ್ಮ ಆಟ ಏನು ಗೊತ್ತು ಎಂದು ಹಲವರು ಮುಖ ಸಿಂಡರಿಸಿದರು. ಆದರೆ ಆತನ ಜಾತಕ ಬಿಡಿಸಿ ನೋಡಿ! ಎಂಬತ್ತರ ದಶಕದಲ್ಲಿ ರೋಮಾ ಕ್ಲಬ್ಬಿನ ನಡುಮೈದಾನದಲ್ಲಿ ತರುಣ ಆನ್ಸೆಲೊಟ್ಟಿಯ ಜತೆಗಾರ ಯಾರು? ಫಲ್ಕಾವೊ! ಇಂಥವರು ಈಗ ಇಲ್ಲವಲ್ಲ ಎಂದು ಟೊಸ್ಟಾವೊ ಕೊರಗುವಂಥ ಮಿಡ್‌ಫೀಲ್ಡರ್! ಆ ಜೋಡಿ ಇದ್ದ ರೋಮಾ 1983ರಲ್ಲಿ ನಾಲ್ಕು ದಶಕಗಳ ನಂತರ ಇಟಲಿಯ ಲೀಗ್ ಗೆದ್ದಿತು. ಮುಂದೆ ಎಸಿ ಮಿಲಾನ್‌ನಲ್ಲಿ ಆನ್ಸೆಲೊಟ್ಟಿ ಕಫು, ದಿದಾ, ರಿವಾಲ್ಡೊ, ಕಾಕಾ, ರೊನಾಲ್ಡೊ, ರೊನಾಲ್ಡಿನೊ ಎಲ್ಲರನ್ನೂ ಪಳಗಿಸಿದರು. ಕಾಕಾ 2007ರಲ್ಲಿ ಬ್ಯಾಲನ್ ಡಿ'ಓರ್ ಗೆದ್ದದ್ದು ಅವರ ಗರಡಿಯಲ್ಲೇ.

ಇನ್ನೂ ಇದೆ! 1994ರ ಜುಲೈ 17ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿಯ ಬೆಂಚಿನಲ್ಲಿ ಸಹಾಯಕ ಕೋಚ್ ಆಗಿ ಕೂತಿದ್ದವರು ಆನ್ಸೆಲೊಟ್ಟಿ. ಅಂದು ಪೆನಾಲ್ಟಿ ತಡೆದು ಇಟಲಿಯನ್ನು ಸೋಲಿಸುವಲ್ಲಿ ಕೈಜೋಡಿಸಿದ ಬ್ರೆಜಿಲ್ ಗೋಲ್‌ಕೀಪರ್ ಟಫರೆಲ್. ಇಂದು ಅದೇ ಟಫರೆಲ್ ಬ್ರೆಜಿಲ್‌ನ ಗೋಲ್‌ಕೀಪಿಂಗ್ ಕೋಚ್, ಆನ್ಸೆಲೊಟ್ಟಿಯ ಸಿಬ್ಬಂದಿಯಲ್ಲಿ ಒಬ್ಬರು!

ಬ್ರೆಜಿಲ್‌ನ ವಿದ್ಯೆ ಎಲ್ಲೂ ಕಳೆದುಹೋಗಿಲ್ಲ. ಅದು ಕಶಿಮಾದಲ್ಲಿದೆ, ರೋಮ್ ಮತ್ತು ಮಿಲಾನ್ ಸುತ್ತಿ ಒಬ್ಬ ಇಟಲಿಯವರ ತಲೆಯಲ್ಲಿ ಮನೆಗೂ ಬಂದಿದೆ. ಬೆರಗಿನ ಜತೆ ಒಂದು ಕೋಪವೂ ಹುಟ್ಟಬೇಕಾದ್ದು ಇಲ್ಲೇ. ಅರ್ಧ ಜಗತ್ತಿಗೆ ಗುರುಗಳನ್ನು ಕೊಟ್ಟ ದೇಶ, ತನ್ನ ವಿದ್ಯೆಯನ್ನು ತಾನೇ ಪಡೆಯಲು ಇಷ್ಟು ಬಳಸಿ ಬರಬೇಕಿತ್ತೇ? ರೊನಾಲ್ಡೊಗೆ ಮುಚ್ಚಿದ ಆ 23 ಬಾಗಿಲುಗಳು ತೆರೆಯುವವರೆಗೆ ಎಂಥ ಕೋಚ್ ಬಂದರೂ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲ. ಉಳಿದರ್ಧ ಆಗಬೇಕಾದ್ದು ಮೈದಾನದ ಹೊರಗೆ, ಒಕ್ಕೂಟದ ಕಚೇರಿಯಲ್ಲಿ.