ಅಚ್ಚಿನ ಕರಡಿನಲ್ಲೇ ಉಳಿದ ಲೇಖನ

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವರಿಗೆ ಹಳೆಯ ಕಡತದ ಸೆಳೆತ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಮಗಳ ಮನೆಗೆಂದು ಅಮೆರಿಕದ ವರ್ಜೀನಿಯಾಕ್ಕೆ ಹೋಗಿದ್ದಾಗ ಅಳಿಯಂದಿರು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಗಳ ಪಟ್ಟಿಯನ್ನೇ ಸಿದ್ಧಪಡಿಸಿದ್ದರು. ನಾನು ಅದರಲ್ಲಿ ಎರಡು ದಿನಗಳನ್ನು ಕೇಳಿ ಪಡೆದು, ಪೊಟೋಮ್ಯಾಕ್ ನದಿಯ ಆಚೆ ದಡದಲ್ಲಿರುವ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಕ್ಯಾಥೊಲಿಕ್ ಧರ್ಮಗುರು, ಲೇಖಕ, ಸಂಪಾದಕ ಜಾನ್ ಕೋರ್ಟ್ನಿ ಮರ್ರೆ ಅವರ ಕಾಗದಪತ್ರಗಳಿವೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ಅವರ ಪುಸ್ತಕವೊಂದು ಬಹುಕಾಲದಿಂದ ನನ್ನ ಬಳಿ ಇತ್ತು. ಅದನ್ನು ಬರೆದವರ ಕಡತವನ್ನೂ ನೋಡೋಣವೆಂಬ ಕುತೂಹಲ.

ಮರ್ರೆ 1904ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಜೆಸ್ಯುಟ್ ಸಂಘಕ್ಕೆ ಸೇರಿದವರು. 1941ರಿಂದ ತಮ್ಮ ಕೊನೆಯವರೆಗೂ ‘ಥಿಯಲಾಜಿಕಲ್ ಸ್ಟಡೀಸ್’ ಎಂಬ ವಿದ್ವತ್ ಪತ್ರಿಕೆಯ ಸಂಪಾದಕರಾಗಿದ್ದರು. ಅವರು ಕೈಗೆತ್ತಿಕೊಂಡ ಪ್ರಶ್ನೆ ಒಂದೇ: ಪ್ರಭುತ್ವಕ್ಕೂ ಧರ್ಮಕ್ಕೂ ಇರಬೇಕಾದ ಸಂಬಂಧ ಯಾವುದು? ಅಂದು ಕ್ಯಾಥೊಲಿಕ್ ವಿದ್ವಾಂಸರಲ್ಲಿ ಚಾಲ್ತಿಯಲ್ಲಿದ್ದ ನಿಲುವು ವಿಚಿತ್ರವಾಗಿತ್ತು. ಕ್ಯಾಥೊಲಿಕರು ಬಹುಸಂಖ್ಯಾತರಾಗಿರುವ ದೇಶದಲ್ಲಿ ಪ್ರಭುತ್ವವು ಅವರ ಧರ್ಮಕ್ಕೆ ಅಧಿಕೃತ ಸ್ಥಾನ ನೀಡಿ ಇತರರ ಪ್ರಚಾರವನ್ನು ನಿರ್ಬಂಧಿಸಬಹುದು. ಅಲ್ಪಸಂಖ್ಯಾತರಾಗಿರುವಲ್ಲಿ ಎಲ್ಲರಿಗೂ ಸ್ವಾತಂತ್ರ್ಯ ಬೇಕೆಂದು ಕೇಳಬೇಕು. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು! ಮರ್ರೆಯವರು ಇದನ್ನು ಒಪ್ಪಲಿಲ್ಲ. ಯಾವ ಧರ್ಮ ಸತ್ಯವೆಂದು ತೀರ್ಮಾನಿಸುವ ಅರ್ಹತೆಯೇ ಪ್ರಭುತ್ವಕ್ಕಿಲ್ಲ, ಅದರ ಅಧಿಕಾರಕ್ಕೆ ಮಿತಿಯಿದೆ ಎಂಬುದು ಅವರ ವಾದದ ತಿರುಳು. ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಈ ವಾದದ ರೀತಿ ಅಪರಿಚಿತವಲ್ಲ. ಸರ್ಕಾರಕ್ಕೆ ತಿಳಿಯಲಾರದ ಸಂಗತಿಗಳನ್ನು ಸರ್ಕಾರವೇ ನಿರ್ಧರಿಸಹೊರಟಾಗ ಏನಾಗುತ್ತದೆಂಬುದನ್ನು ಬೇರೆ ಕ್ಷೇತ್ರಗಳಲ್ಲಿ ನಾವು ಸಾಕಷ್ಟು ಕಂಡಿದ್ದೇವೆ.

ಈ ಚಿಂತನೆಯನ್ನು ಅವರು ಪೋಪ್ 13ನೇ ಲಿಯೋ ಅವರ ಬೋಧನೆಗಳನ್ನು ಕುರಿತ ಲೇಖನಮಾಲೆಯಾಗಿ 1953 ಮತ್ತು 1954ರಲ್ಲಿ ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು. ರೋಮಿನ ‘ಹೋಲಿ ಆಫೀಸ್’ನಲ್ಲಿದ್ದ ಕಾರ್ಡಿನಲ್ ಒಟ್ಟಾವಿಯಾನಿಯವರಿಗೆ ಅದು ಹಿತವಾಗಲಿಲ್ಲ. ಒತ್ತಡ ಹೆಚ್ಚಿತು. 1955ರಲ್ಲಿ, ಆ ವಿಷಯವನ್ನು ಕುರಿತು ಇನ್ನು ಬರೆಯದಿರುವುದೇ ಲೇಸೆಂಬ ಸೂಚನೆ ರೋಮಿನಲ್ಲಿದ್ದ ಜೆಸ್ಯುಟ್ ಮೇಲಧಿಕಾರಿಗಳಿಂದ ಬಂದಿತು. ಆ ವೇಳೆಗೆ ಮಾಲೆಯ ಮುಂದಿನ ಲೇಖನದ ಮೊಳೆ ಜೋಡಿಸಿ, ಅಚ್ಚಿನ ಕರಡನ್ನೂ ತೆಗೆದಾಗಿತ್ತು. ಪತ್ರಿಕೆಯ ಸಂಪಾದಕರು ತಾವೇ ಆಗಿದ್ದರೂ ಮರ್ರೆಯವರು ಅದನ್ನು ಅಚ್ಚಿಗೆ ಕೊಡಲಿಲ್ಲ. ಮೇರಿಲ್ಯಾಂಡಿನ ವುಡ್‌ಸ್ಟಾಕ್ ಕಾಲೇಜಿನ ತಮ್ಮ ಕೋಣೆಯಲ್ಲಿ ಆ ವಿಷಯಕ್ಕೆ ಸಂಬಂಧಿಸಿದ ಪುಸ್ತಕಗಳನ್ನೆಲ್ಲ ಒಟ್ಟುಗೂಡಿಸಿ ಗ್ರಂಥಾಲಯಕ್ಕೆ ಹಿಂದಿರುಗಿಸಿದರು. ಹಾಗಾದರೆ ಇನ್ನು ಏನನ್ನು ಬರೆಯಬಹುದೆಂಬ ಪ್ರಶ್ನೆ ಬಂದಾಗ, ಕವಿತೆ ಬರೆಯಬಹುದೇನೋ ಎಂಬರ್ಥದ ಉತ್ತರ ರೋಮಿನ ಹಿರಿಯರಾದ ಮೆಕ್‌ಕಾರ್ಮಿಕ್ ಅವರಿಂದ ಬಂದಿತು. ಮೆಕ್‌ಕಾರ್ಮಿಕ್ ಅವರ ವೈರಿಯೇನಲ್ಲ, ಹಿತೈಷಿಯೇ. ಹಿತೈಷಿಗಳ ಮೂಲಕ ಬರುವ ಇಂಥ ಸೂಚನೆಗಳನ್ನು ಮೀರುವುದು ವೈರಿಗಳ ಆಜ್ಞೆಯನ್ನು ಮೀರುವುದಕ್ಕಿಂತ ಕಷ್ಟವೆಂಬುದು ಕಚೇರಿಗಳಲ್ಲಿ ದುಡಿದವರಿಗೆಲ್ಲ ತಿಳಿದದ್ದೇ.

ವಾಚನಾಲಯದಲ್ಲಿ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಚೀಲವನ್ನು ಹೊರಗಿಡಬೇಕು, ಒಂದು ಸಲಕ್ಕೆ ಒಂದೇ ಲಕೋಟೆ ತೆರೆಯಬೇಕು. ಆ ಅಚ್ಚಿನ ಕರಡು ನನ್ನ ಮುಂದೆ ಬಂದಾಗ ನಾನು ಅದನ್ನು ಓದುವುದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ನೋಡುತ್ತ ಕುಳಿತಿದ್ದೆ. ಕಾರಣ ಹೇಳಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕಿರಿಯ ಅಧಿಕಾರಿಯಾಗಿದ್ದಾಗ ಒಂದು ನೀರಾವರಿ ಯೋಜನೆಯ ಕಡತ ನನ್ನ ಮೇಜಿಗೆ ಬಂದಿತ್ತು. ಲಾಭದ ಅಂದಾಜನ್ನು ಉಬ್ಬಿಸಿ, ಮುಳುಗಡೆಯಾಗುವ ಜಮೀನಿನ ಪರಿಹಾರವನ್ನು ಕುಗ್ಗಿಸಿ ತೋರಿಸಲಾಗಿತ್ತು. ನಾನು ಲೆಕ್ಕ ಹಾಕಿ ಮೂರು ಪುಟದ ಟಿಪ್ಪಣಿ ಬರೆದೆ. ಮೇಲಧಿಕಾರಿಗಳು ಕರೆಸಿಕೊಂಡು, ಕಾಫಿ ತರಿಸಿ, ಈ ಹಾಳೆಗಳನ್ನು ತೆಗೆದು ಬೇರೆ ಬರೆಯಿರಿ ಎಂದರು. ಬರೆದೆ. ‘ಪ್ರಸ್ತಾವನೆಯನ್ನು ಅನುಮೋದಿಸಬಹುದು’ ಎಂಬ ಒಂದು ಸಾಲು. ಮೂಲ ಟಿಪ್ಪಣಿಯ ಕಾರ್ಬನ್ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆ. ಮೂರನೆಯದೋ ನಾಲ್ಕನೆಯದೋ ವರ್ಗಾವಣೆಯಲ್ಲಿ ಅದು ಹಳೆಯ ಪತ್ರಿಕೆಗಳೊಂದಿಗೆ ರದ್ದಿಗೆ ಹೋಯಿತು.

ಮರ್ರೆಯವರೂ ಮಣಿದರು, ನಿಜ. ಆದರೆ ಹಾಳೆಯನ್ನು ಬದಲಿಸಲಿಲ್ಲ. ಬರೆದದ್ದನ್ನು ತಿದ್ದಿ ಒಪ್ಪಿಗೆಯ ಲೇಖನ ಮಾಡಲಿಲ್ಲ. ಅವರ ಬಾಯಿ ಕಟ್ಟಿದ ಸಂಘವೂ ಕರಡನ್ನು ಸುಡಲಿಲ್ಲ. ವುಡ್‌ಸ್ಟಾಕ್ ಕಾಲೇಜು 1974ರಲ್ಲಿ ಮುಚ್ಚಿಹೋದ ಮೇಲೆ ಅದರ ಗ್ರಂಥಾಲಯ ಜೆಸ್ಯುಟರದೇ ಆದ ಜಾರ್ಜ್‌ಟೌನಿಗೆ ಬಂದಿತು. ಸುಮ್ಮನಿರಬೇಕೆಂದ ಪತ್ರಗಳೂ ಹೊರಬಾರದ ಲೇಖನವೂ ಒಂದೇ ಸೂರಿನಡಿ ಉಳಿದವು. ನಮ್ಮಲ್ಲಿ ಭಿನ್ನಮತದ ಹಾಳೆಯನ್ನು ಕಿತ್ತು, ಎಲ್ಲರೂ ಮೊದಲಿನಿಂದಲೂ ಒಮ್ಮತದಿಂದಿದ್ದರು ಎನ್ನುವಂತೆ ಕಡತವನ್ನು ಅಂದಗೊಳಿಸುತ್ತೇವೆ. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ನಾಗರಿಕರು ಕಡತದ ಟಿಪ್ಪಣಿಗಳನ್ನೂ ಕೇಳಿ ಪಡೆಯುವಂತಾಯಿತು. ಆದರೆ ಇಲ್ಲದ ಹಾಳೆಯ ನಕಲನ್ನು ಯಾವ ಕಾಯ್ದೆ ಕೊಡಿಸೀತು?

ಮರ್ರೆಯವರ ಮುಂದಿನ ಕತೆ ಬೇಗ ಹೇಳಬಹುದು. 1960ರಲ್ಲಿ ಅವರ ಪ್ರಬಂಧಗಳು ಪುಸ್ತಕವಾಗಿ ಬಂದವು. ಕೆನಡಿ ಅಧ್ಯಕ್ಷರಾಗಿ ಆಯ್ಕೆಯಾದ ಆ ವರ್ಷದ ಡಿಸೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರವಿತ್ತು. ಆದರೂ 1962ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರಿಗೆ ಕರೆ ಬರಲಿಲ್ಲ. ಮರುವರ್ಷ ನ್ಯೂಯಾರ್ಕಿನ ಕಾರ್ಡಿನಲ್ ಸ್ಪೆಲ್‌ಮನ್ ಅವರ ಒತ್ತಾಯದಿಂದ ತಜ್ಞರಾಗಿ ಒಳಬಂದರು. ಸ್ಪೆಲ್‌ಮನ್ ಉದಾರವಾದಿಯೆಂದು ಯಾರೂ ಹೇಳಲಾರರು ಎಂಬುದು ಸ್ವಾರಸ್ಯ. ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ಕರಡುಗಳಲ್ಲಿ ಮರ್ರೆಯವರ ಕೈ ದೊಡ್ಡದು. 1965ರ ಡಿಸೆಂಬರ್ 7ರಂದು ಅದು 2,308 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು 70. ಮುಂದೆ ಎರಡು ವರ್ಷವೂ ಅವರು ಬದುಕಲಿಲ್ಲ. 1967ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 62.

ಆ ಘೋಷಣೆಗೆ 15 ವರ್ಷ ಮೊದಲೇ ನಮ್ಮ ಸಂವಿಧಾನದ 25ನೇ ವಿಧಿ ಜಾರಿಗೆ ಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಆ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮಾನವಾಗಿ ನೀಡಿತು. ಅದನ್ನು ರೂಪಿಸಿದ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯುಟ್ ಧರ್ಮಗುರು ಜೆರೋಮ್ ಡಿಸೋಜ ಅವರೂ ಇದ್ದರು. ರೋಮಿನ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದ ಪ್ರಶ್ನೆಗೆ ನವದೆಹಲಿಯಲ್ಲಿ ಉತ್ತರ ಸಿಕ್ಕಿತ್ತು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೇ, ಸಿಕ್ಕ ಉತ್ತರವನ್ನು ನಾವು ಎಷ್ಟರಮಟ್ಟಿಗೆ ಓದಿಕೊಂಡಿದ್ದೇವೆ ಎಂದೂ ಕೇಳಿಕೊಳ್ಳಬಹುದು.

ತಡೆಹಿಡಿದ ಆ ಲೇಖನ ಕೊನೆಗೆ 1993ರಲ್ಲಿ, ಲಿಯೋನ್ ಹೂಪರ್ ಎಂಬ ಜೆಸ್ಯುಟರ ಸಂಪಾದಕತ್ವದ ಸಂಕಲನದಲ್ಲಿ ಅಚ್ಚಾಯಿತು. ಅಷ್ಟರಲ್ಲಿ 38 ವರ್ಷ ಕಳೆದಿತ್ತು. ಪ್ರಕಟಿಸಿದ್ದು ಒಂದು ಪ್ರಾಟೆಸ್ಟೆಂಟ್ ಪ್ರಕಾಶನ ಸಂಸ್ಥೆ!

ಊರಿಗೆ ಮರಳಿದ ಮೇಲೆ, ಹಿಂದೆ ನನ್ನೊಡನೆ ಕೆಲಸ ಮಾಡಿದ ಶಿರಸ್ತೇದಾರರೊಬ್ಬರಿಗೆ ದೂರವಾಣಿ ಮಾಡಿ ಆ ನೀರಾವರಿ ಕಡತ ಏನಾಯಿತೆಂದು ವಿಚಾರಿಸಿದೆ. ವರ್ಷಕ್ಕೇ ನಾಶಪಡಿಸಬಹುದಾದ ‘ಇ’ ವರ್ಗದಲ್ಲಿ ಸೇರಿ ಎಂದೋ ಹೋಗಿರಬಹುದೆಂದು ಮನಸ್ಸಿನಲ್ಲೇ ಹಾರೈಸಿದ್ದೆನೆಂದು ಕಾಣುತ್ತದೆ. “ಇಲ್ಲ ಸರ್, ಜಮೀನಿನ ವಿಷಯವಲ್ಲವೇ? ‘ಎ’ ವರ್ಗಕ್ಕೆ ಹಾಕಿದ್ದೆವು. ಅಭಿಲೇಖಾಲಯದಲ್ಲಿ ಭದ್ರವಾಗಿರುತ್ತದೆ” ಎಂದರು ಅವರು. ‘ಎ’ ಎಂದರೆ ಶಾಶ್ವತ. ನನ್ನ ಆ ಒಂದು ಸಾಲು ಅಲ್ಲಿದೆ.